ಬಾಟ್ಲಿಯೊಳಗಿನ ಜರಿಹುಳ

ಇವತ್ತು ಜರಿಹುಳದ ಬಗ್ಗೆನೇ ಓದ್ತಾ ಕೂತ್ಬಿಟ್ಟೆ, ಬೇರೆ ಕೆಲ್ಸ ಇಲ್ವಾ ಅಂತ ಕೇಳ್ಬೇಡಿ. ಸ್ಕೊಲೊಪೆಂಡ್ರ ಕ್ಯಾಟರಾಕ್ಟ ಅಂತ ನೀರಲ್ಲಿ ಈಜೋ ಶತಪದಿ ಒಂದಿದೆ, ಅದಕ್ಕೆ ಹೆಸ್ರು ಸಿಕ್ಕಿದ್ದೇ 2016ರಲ್ಲಿ, ಮಜಾ ಏನಪ್ಪಾ ಅಂದ್ರೆ 1928ರಲ್ಲೇ ವಿಯೆಟ್ನಾಂನಲ್ಲಿ ಹಿಡಿದಿದ್ದ ಅದೇ ಜಾತಿ ಹುಳ ಒಂದು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಬೇರೆ ಯಾವ್ದೋ ಮಾಮೂಲಿ ಜಾತಿ ಹೆಸ್ರಲ್ಲಿ ಆರಾಮಾಗಿ ಬಿದ್ದಿತ್ತು!

ಹೊಸ ಜಾತಿಗೆ ಹೆಸ್ರಿಡೋವಾಗ ಸಾಮಾನ್ಯವಾಗಿ ಒಂದೇ ಒಂದು ಹುಳನ ಹೋಲೋಟೈಪ್ ಅಂತ ಆರಿಸ್ತಾರೆ, ಹೆಸ್ರು ಆ ಹುಳಕ್ಕೇ ಗಂಟು, ಮುಂದೆ ಯಾರಿಗೇ ಡೌಟ್ ಬಂದ್ರೂ ಅದನ್ನೇ ತೆಗ್ದು ನೋಡ್ಬೇಕು. ಹುಳ ಕೆಡದೇ ಇರ್ಲಿ ಅಂತ ಬಾಟ್ಲಿಯೊಳಗೆ ಆಲ್ಕೋಹಾಲಲ್ಲಿ ಹಾಕಿಡ್ತಾರೆ, ಅದ್ರಲ್ಲಿ ಬಣ್ಣ ಬಿಟ್ಹೋಗುತ್ತೆ, ಅದಕ್ಕೇ ಬರೀ ಬಣ್ಣ ನಂಬ್ಕೊಳಲ್ಲ, ಮೈಕ್ರೋಸ್ಕೋಪ್ ಕೆಳಗಿಟ್ಟು ವಿಷದ ಕೊಂಡಿ ಹತ್ರ ಇರೋ ಪುಟ್ಟ ಹಲ್ಲು, ಸ್ಕೊಲೊಪೆಂಡ್ರ ಜರಿಹುಳಗಳಲ್ಲಾದ್ರೆ 21ನೇ ಜೊತೆ ಅಂದ್ರೆ ಕಟ್ಟಕಡೇ ಕಾಲುಗಳ ಮೇಲಿನ ಮುಳ್ಳು ಎಲ್ಲಾ ಕೂತು ಎಣಿಸ್ತಾರೆ. ಏನ್ ತಾಳ್ಮೆನಪ್ಪಾ ಇವ್ರದ್ದು. ಹಳೇ ಹುಳದಲ್ಲಿ ಆ ಕಡೇ ಕಾಲೇ ಕಳಚಿಹೋಗಿದ್ರಂತೂ ಪಾಪ, ಇನ್ನೂ ಫಜೀತಿ.