ತಾಮ್ರದಿಂದ ಗ್ರಾನೈಟ್ ಕಡಿಯೋಕಾಗುತ್ತಾ?

ನಾನು ಭೂವಿಜ್ಞಾನ ಕಲಿಸುತ್ತೇನೆಂದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆಯಿದು: "ಸಾರ್, ಪಿರಮಿಡ್ ಕಾಲದಲ್ಲಿ ಉಕ್ಕು ಇರಲಿಲ್ಲ, ತಾಮ್ರ ಮಾತ್ರ ಇತ್ತು ಅಂತಾರೆ. ತಾಮ್ರದಿಂದ ಗ್ರಾನೈಟ್ ಕಡಿಯೋಕಾಗುತ್ತಾ? ಈಗ ಮರೆತುಹೋದ ಯಾವುದೋ ಯಂತ್ರ ಅವರ ಹತ್ತಿರ ಇದ್ದಿರಬೇಕಲ್ವಾ?"

ಆಗುವುದಿಲ್ಲ, ನಿಜ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಪಟ್ಟಿಯಲ್ಲಿ ತಾಮ್ರ 3ರ ಆಸುಪಾಸಿನಲ್ಲಿದೆ. ಗ್ರಾನೈಟಿನೊಳಗಿನ ಫೆಲ್ಡ್‌ಸ್ಪಾರ್ 6, ಕ್ವಾರ್ಟ್ಜ್ 7. ತಾಮ್ರದ ಉಳಿ ಇಟ್ಟು ಹೊಡೆದರೆ ಮೊಂಡಾಗುವುದು ಉಳಿಯೇ. ಈಜಿಪ್ಟಿನ ಗೀಜಾದ ಪಿರಮಿಡ್ಡುಗಳ ಬಹುಪಾಲು ಕಲ್ಲು ಸುಣ್ಣಕಲ್ಲು, ಅದಕ್ಕೆ ತಾಮ್ರದ ಉಳಿ ಸಾಕಾಗುತ್ತಿತ್ತು. ಗ್ರಾನೈಟಿನ ವಿಷಯಕ್ಕೆ ಬಂದರೆ, ಅದನ್ನು ಕೊಯ್ದದ್ದು ತಾಮ್ರವಲ್ಲ, ಮರಳು. ಹಲ್ಲಿಲ್ಲದ ತಾಮ್ರದ ಪಟ್ಟಿಯನ್ನು ಕಲ್ಲಿನ ಮೇಲೆ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾ ಕೆಳಗೆ ಮರಳು ಸುರಿಯುತ್ತಿದ್ದರು. ಮರಳೆಂದರೆ ಕ್ವಾರ್ಟ್ಜೇ ತಾನೇ? ಲೋಹ ಆ ಹರಳುಗಳನ್ನು ಉರುಳಿಸುತ್ತದೆ, ಹರಳುಗಳು ಕಲ್ಲನ್ನು ತೇಯುತ್ತವೆ. ರಂಧ್ರ ಕೊರೆಯಬೇಕಾದರೆ ಪಟ್ಟಿಯ ಬದಲು ತಾಮ್ರದ ಕೊಳವೆ. ಅದನ್ನು ತಿರುಗಿಸಲು ಬಿಲ್ಲು. ತಾಮ್ರವೂ ಸವೆಯುತ್ತದೆ, ಹಾಗಾಗಿ ಇದು ದುಬಾರಿ ಕೆಲಸ. ಗರಗಸದ ಕೊಯ್ತಗಳಲ್ಲಿ ಹಸಿರು ಕಲೆ ಉಳಿದಿರುವುದೂ ಅದಕ್ಕೇ. ಪ್ರಾಚೀನ ಉಪಕರಣಗಳನ್ನು ಅಭ್ಯಸಿಸುವ ಬ್ರಿಟನ್ನಿನ ಡೆನಿಸ್ ಸ್ಟಾಕ್ಸ್ ಇದೇ ಬಗೆಯ ಉಪಕರಣ ಮಾಡಿಕೊಂಡು, ಈಜಿಪ್ಟಿನ ಗ್ರಾನೈಟ್ ಗಣಿಗಳಿರುವ ಅಸ್ವಾನಿನಲ್ಲೇ ಗ್ರಾನೈಟ್ ಕೊಯ್ದು, ಕೊರೆದು ತೋರಿಸಿದರು.

ವಾದ ಮಾಡುವವರು ಇಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೆಟ್ರಿಯವರ ಹೆಸರು ಎತ್ತುತ್ತಾರೆ. 1883ರಲ್ಲಿ ಗೀಜಾದ ಅಳತೆಗಳನ್ನು ಪ್ರಕಟಿಸಿದ ಪೆಟ್ರಿ, ಕೊರೆದ ರಂಧ್ರದಿಂದ ಹೊರಬಂದ ಗ್ರಾನೈಟ್ ತಿರುಳೊಂದರ ಮೇಲಿನ ಗೀರುಗಳನ್ನು ನೋಡಿ, ಕೊಳವೆಯ ಬಾಯಿಗೆ ಗಟ್ಟಿ ರತ್ನದ ಹರಳು ಕೂರಿಸಿರಬೇಕು ಅಂದಿದ್ದರು. ಪ್ರಾಚೀನ ಈಜಿಪ್ಟಿನ ವಸ್ತುಗಳನ್ನು ಪರೀಕ್ಷಿಸಿದ ರಸಾಯನಶಾಸ್ತ್ರಜ್ಞ ಆಲ್ಫ್ರೆಡ್ ಲ್ಯೂಕಸ್ ಒಪ್ಪಲಿಲ್ಲ, ಬಿಡಿ ಪುಡಿಯೇ ಸಾಕು ಅಂದರು. ಮರಳು ಒಣಗಿತ್ತೋ ಒದ್ದೆಯಾಗಿತ್ತೋ ಎಂಬ ಜಗಳ ಇನ್ನೂ ಮುಗಿದಿಲ್ಲ; ಸ್ಟಾಕ್ಸ್ ಒಣ ಮರಳಿನ ಪರ. ಇವೆಲ್ಲ ಒಳ್ಳೆಯ ಜಗಳಗಳು. ಆದರೆ ಪೆಟ್ರಿಯೇ ಬರೆದಿಟ್ಟ ಇನ್ನೊಂದು ಸಂಗತಿಯನ್ನು ಯಂತ್ರವಾದಿಗಳು ಹೇಳುವುದಿಲ್ಲ. ಗೀಜಾದ ದೊಡ್ಡ ಪಿರಮಿಡ್ಡಿನ, ಅಂದರೆ ರಾಜ ಖುಫುವಿನ ಪಿರಮಿಡ್ಡಿನ ಗ್ರಾನೈಟ್ ಶವಪೆಟ್ಟಿಗೆಯ ಹೊರಮೈ ಕೊಯ್ಯುವಾಗ ಗರಗಸ ದಾರಿ ತಪ್ಪಿ ಬೇಕಾದ್ದಕ್ಕಿಂತ ಆಳಕ್ಕೆ ಹೋಗಿದೆ, ಕೆಲಸದವರು ಅದನ್ನು ಹಿಂದಕ್ಕೆ ತೆಗೆದು ಮತ್ತೆ ಸರಿಯಾದ ಜಾಗದಿಂದ ಶುರುಮಾಡಿದ್ದಾರೆ. ಆ ಗುರುತು ಇನ್ನೂ ಇದೆ. ಇದು ಕೈಕೆಲಸವೆನ್ನಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಬಂಡೆಯಿಂದ ಕಲ್ಲನ್ನು ಬಿಡಿಸುವ ಬಗೆಯೇ ಬೇರೆ, ಅಲ್ಲಿ ಗರಗಸಕ್ಕೆ ಕೆಲಸವಿಲ್ಲ. ಅಸ್ವಾನಿನ ಕಲ್ಲುಗಣಿಯಲ್ಲಿ ಸುಮಾರು 42 ಮೀಟರ್ ಉದ್ದದ ಒಬೆಲಿಸ್ಕ್ ಸ್ತಂಭವೊಂದು ಅರ್ಧಕ್ಕೇ ನಿಂತು ಮಲಗಿದೆ. ಪೂರ್ತಿಯಾಗಿದ್ದರೆ ಸಾವಿರ ಟನ್ ದಾಟುತ್ತಿತ್ತು. ಬಿರುಕು ಬಿಟ್ಟದ್ದರಿಂದ ಕೈಬಿಟ್ಟರು. ಅದರ ಸುತ್ತಲೂ ಒಬ್ಬ ಮನುಷ್ಯ ಇಳಿದು ಕೂತು ದುಡಿಯುವಷ್ಟು ಅಗಲದ ಕಾಲುವೆ ತೋಡಿದ್ದಾರೆ. ಆ ಕಾಲುವೆಯ ಗೋಡೆಯಲ್ಲಿ ಉಳಿಯ ಗೆರೆಗಳಿಲ್ಲ. ಇರುವುದು ಒಂದರ ಪಕ್ಕ ಒಂದು ಸಾಲಾಗಿ ಇಳಿದ ನುಣುಪಾದ ತಗ್ಗುಗಳು, ಪ್ರತಿ ತಗ್ಗು ಒಬ್ಬೊಬ್ಬರ ಪಾಲಿನ ಕೆಲಸ. ಮೇಲ್ವಿಚಾರಕರು ಕೆಮ್ಮಣ್ಣಿನಲ್ಲಿ ಎಳೆದ ಅಳತೆಯ ಗೀಟುಗಳೂ ಕಾಣುತ್ತವೆ. ಅಲ್ಲೇ ಬಿದ್ದಿದ್ದ, ಡಾಲರೈಟ್ ಎಂಬ ಕಪ್ಪು ಶಿಲೆಯ ಗುಂಡುಗಳು ಅವರ ಸುತ್ತಿಗೆ: ಎರಡೂ ಕೈಯಲ್ಲಿ ಹಿಡಿದು ಎತ್ತಿ ಕುಟ್ಟುವ ಗುಂಡುಕಲ್ಲು. ಡಾಲರೈಟ್ ಗ್ರಾನೈಟಿಗಿಂತ ಭಾರಿ ಗಡುಸೇನಲ್ಲ, ಆದರೆ ಅದರ ಸಣ್ಣ ಹರಳುಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಪೆಟ್ಟು ತಾಳಿಕೊಳ್ಳುತ್ತದೆ. ಗ್ರಾನೈಟಿನ ದಪ್ಪ ಹರಳುಗಳು ಪುಡಿಯಾಗುತ್ತವೆ. 1920ರ ದಶಕದಲ್ಲಿ ಈ ಜಾಗವನ್ನು ಅಭ್ಯಸಿಸಿದ ಪುರಾತತ್ವಜ್ಞ ರೆಜಿನಾಲ್ಡ್ ಎಂಗಲ್‌ಬಾಕ್ ತಾವೇ ಗುಂಡು ಹಿಡಿದು ಕುಟ್ಟಿ ನೋಡಿದರು. ಗಂಟೆಗೆ ಸುಮಾರು 5 ಮಿಲಿಮೀಟರ್ ಸವೆಯಿತು.

"5 ಮಿಲಿಮೀಟರಾ? ಹಾಗಾದ್ರೆ ಯಾವ ಕಾಲಕ್ಕೆ ಮುಗಿಯುತ್ತೆ?" ಅಂತ ಮರುಪ್ರಶ್ನೆ ಬರುತ್ತದೆ. ಲೆಕ್ಕ ಹಾಕಿ: ದಿನಕ್ಕೆ ಹತ್ತು ಗಂಟೆ ಅಂದುಕೊಂಡರೂ 5 ಸೆಂಟಿಮೀಟರ್, ಇಪ್ಪತ್ತು ದಿನಕ್ಕೆ ಒಂದು ಮೀಟರ್. ಕಾಲುವೆಯ ಉದ್ದಕ್ಕೂ ಜನ ಒಟ್ಟಿಗೆ ಕುಟ್ಟುತ್ತಿದ್ದರು, ಪಾಳಿ ಬದಲಾಯಿಸುತ್ತಿದ್ದರು ಅಂದರೆ ಕೆಲಸ ಇನ್ನೂ ಬೇಗ ಸಾಗುತ್ತದೆ. ಕಷ್ಟದ್ದು, ಕಲ್ಲಿನ ಧೂಳು ಕುಡಿಯುವ, ಬೆನ್ನು ಮುರಿಯುವ ಕೆಲಸ. ಅದನ್ನು ಮಾಡಿದವರ ಹೆಸರುಗಳು ನಮಗೆ ಸಿಕ್ಕಿಲ್ಲ. ಅವರ ಶ್ರಮವನ್ನು ಕಾಣದ ಯಂತ್ರಕ್ಕೆ ಬರೆದುಕೊಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಎಷ್ಟು ಕಾಲ ಹಿಡಿಯಿತೆಂದು ಈಜಿಪ್ಟಿನವರೇ ಬರೆದೂ ಇಟ್ಟಿದ್ದಾರೆ. ಕಾರ್ನಾಕ್ ದೇವಾಲಯದಲ್ಲಿ ರಾಣಿ ಹಟ್ಶೆಪ್ಸುಟ್ ನಿಲ್ಲಿಸಿದ, ಮುನ್ನೂರು ಟನ್ನಿಗೂ ಮೀರಿದ ಗ್ರಾನೈಟ್ ಸ್ತಂಭ ಇವತ್ತಿಗೂ ನಿಂತಿದೆ. ಗಣಿಯ ಕೆಲಸ ಆಕೆಯ ಆಳ್ವಿಕೆಯ 15ನೇ ವರ್ಷದಲ್ಲಿ ಶುರುವಾಗಿ 16ನೇ ವರ್ಷದಲ್ಲಿ ಮುಗಿಯಿತು, ಒಟ್ಟು 7 ತಿಂಗಳು ಹಿಡಿಯಿತು ಎಂದು ಅದರ ಪೀಠದ ಶಾಸನವೇ ಹೇಳುತ್ತದೆ.