ಬಚ್ಚಲಿನ ನೀರು ಇಳಿಯುತ್ತಿಲ್ಲವೇ? ಆಸಿಡ್ ಬಾಟಲಿ ಪಕ್ಕಕ್ಕಿಡಿ

ಬಚ್ಚಲಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತೆಂದರೆ ಅಂಗಡಿಯಿಂದ ಆಸಿಡ್ ತಂದು ಸುರಿಯುವುದು ನಮ್ಮಲ್ಲಿ ರೂಢಿ. ಅದು ಹೈಡ್ರೋಕ್ಲೋರಿಕ್ ಆಸಿಡ್. ಟೈಲ್ಸ್ ಮೇಲಿನ ಉಪ್ಪುನೀರಿನ ಕಲೆ ತೆಗೆಯುತ್ತದೆ, ಟೈಲ್ಸ್ ಸಂದಿನ ಸಿಮೆಂಟನ್ನೂ ತಿನ್ನುತ್ತದೆ, ಕೂದಲಿಗೆ ಮಾತ್ರ ಏನೂ ಮಾಡುವುದಿಲ್ಲ. ಬಚ್ಚಲು ಕಟ್ಟುವುದು ಮುಖ್ಯವಾಗಿ ಕೂದಲಿನಿಂದಲೇ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಈ ಕಾಟ ಹೆಚ್ಚು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿದರೆ ನೀರಲ್ಲಿ ಕರಗದ ಬಿಳಿ ಜಿಡ್ಡಾಗುತ್ತದೆ. ಸುತ್ತಿಕೊಂಡ ಕೂದಲಿಗೆ ಅದು ಮೆತ್ತಿಕೊಳ್ಳುತ್ತದೆ. ಮೇಲೆ ಎಣ್ಣೆಸ್ನಾನದ ಸೀಗೆಪುಡಿ, ಕಡಲೆಹಿಟ್ಟು ಬಿದ್ದರೆ ನೆನೆದು ಉಬ್ಬಿ ಉಳಿದ ಸಂದನ್ನೂ ಮುಚ್ಚುತ್ತವೆ. ನರಕ ಚತುರ್ದಶಿ ಕಳೆದ ವಾರ ಪ್ಲಂಬರ್ ಫೋನ್ ಎತ್ತದಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ಮೊದಲು ಅಡ್ಡಿ ಎಲ್ಲಿದೆ ನೋಡಿ. ಬಚ್ಚಲಿನ ನೀರು ಮಾತ್ರ ನಿಂತು ಕಮೋಡ್, ಅಡುಗೆಮನೆ ಸಿಂಕ್ ಸರಿಯಾಗಿದ್ದರೆ ಕಸ ಇರುವುದು ಜಾಲಿಯ ಕೆಳಗಿನ ನಹಾನಿ ಟ್ರ್ಯಾಪ್‌ನಲ್ಲಿ (ಸ್ವಲ್ಪ ನೀರು ಸದಾ ನಿಂತಿರುವ ಬಟ್ಟಲಿನಲ್ಲಿ), ಹೆಚ್ಚಿನ ಸಲ ಕೈಗೆಟುಕುವಷ್ಟರಲ್ಲೇ. ಫ್ಲಶ್ ಮಾಡಿದಾಗ ಬಚ್ಚಲಲ್ಲಿ ಗುಳುಗುಳು ಎಂದು ನೀರು ಮೇಲೆ ಬಂದರೆ ತೊಂದರೆ ಮುಂದಿನ ಪೈಪಿನಲ್ಲಿದೆ. ಆಗ ಕೆಳಗೆ ಹೇಳಿದ ಕೈಕೆಲಸ ಸಾಲದು.

ಟ್ರ್ಯಾಪ್ ಬಿಚ್ಚಲು ಬೇಕಾದದ್ದು ರಬ್ಬರ್ ಕೈಗವಸು, ಚಪ್ಪಟೆ ಸ್ಕ್ರೂಡ್ರೈವರ್, ಟಾರ್ಚ್, ಹಳೆ ಟೂತ್‌ಬ್ರಷ್, ಕಸಕ್ಕೊಂದು ಪ್ಲಾಸ್ಟಿಕ್ ಚೀಲ, ಒಂದೂವರೆ ಅಡಿ ಗಟ್ಟಿ ತಂತಿ. ತಂತಿಯ ತುದಿಯನ್ನು ಒಂದು ಸೆಂಟಿಮೀಟರ್ ಮಡಚಿ ಕೊಕ್ಕೆ ಮಾಡಿ. ನಿಂತ ನೀರನ್ನು ಮಗ್ಗಿನಲ್ಲಿ ಮೊಗೆದು ಬಕೆಟ್‌ಗೆ ಹಾಕಿ. ಜಾಲಿಯ ಸ್ಕ್ರೂ ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಲು ಗಂಟೆ ಬಿಡಿ. ಜಾಲಿಯ ಅಂಚಿಗೆ ವೈಟ್ ಸಿಮೆಂಟ್ ಬಳಿದಿದ್ದರೆ ಸುತ್ತ ಚಾಕುವಿನಿಂದ ಗೀರಿ ನಿಧಾನವಾಗಿ ಎಬ್ಬಿಸಿ. ಸುತ್ತಿಗೆ ಹೊಡೆತಕ್ಕೆ ಮೊದಲು ಬಿರಿಯುವುದು ಪಕ್ಕದ ಟೈಲ್.

ಜಾಲಿಯ ಕೆಳಗೆ ಹಲವು ಟ್ರ್ಯಾಪ್‌ಗಳಲ್ಲಿ ಬೋರಲಾಗಿ ಕೂತ ಒಂದು ಕಪ್ ಇರುತ್ತದೆ. ಕೂದಲು ಸುತ್ತಿಕೊಳ್ಳುವುದು ಅದರ ಅಂಚಿಗೇ. ಎತ್ತಿ, ಬ್ರಷ್‌ನಿಂದ ತಿಕ್ಕಿ, ತಪ್ಪದೆ ವಾಪಸ್ ಕೂರಿಸಿ. ಕಪ್ ಇಲ್ಲದಿದ್ದರೆ ನೀರು ಸರಾಗ ಇಳಿಯುತ್ತದೆಂದು ಎಸೆಯುವವರಿದ್ದಾರೆ. ಚರಂಡಿಯ ವಾಸನೆ, ಜಿರಳೆ ಒಳಗೆ ಬಾರದಂತೆ ತಡೆಯುವುದು ಆ ಕಪ್ಪಿನ ಸುತ್ತ ನಿಲ್ಲುವ ಸುಮಾರು 50 ಮಿ.ಮೀ. ನೀರು. ಕಪ್ ಹೋದರೆ ಆ ತಡೆಯೂ ಹೋಯಿತು.

ಈಗ ಕೊಕ್ಕೆ ಇಳಿಸಿ, ತಿರುಗಿಸುತ್ತ ಮೇಲಕ್ಕೆ ಎಳೆಯಿರಿ. ಕೋಲಿನಿಂದ ತಿವಿದು ಒಳಗೆ ನೂಕಬೇಡಿ. ಕೈಗೆ ಸಿಗುತ್ತಿದ್ದ ಉಂಡೆ ಮುಂದಿನ ಬೆಂಡ್‌ನಲ್ಲಿ ಸಿಕ್ಕಿಕೊಂಡರೆ ಪೈಪಿನೊಳಗೆ ತೂರಿಸುವ ಪ್ಲಂಬರ್‌ನ ಉದ್ದ ಸ್ಪ್ರಿಂಗ್ ಬೇಕಾದೀತು. ಬಂದ ಕೂದಲು ಕಮೋಡ್‌ಗಲ್ಲ, ಚೀಲಕ್ಕೆ.

ಇಷ್ಟಾದರೂ ನಿಧಾನವಾಗಿದ್ದರೆ ಪ್ಲಂಜರ್. ಅದರ ರಬ್ಬರ್ ಬಾಯಿ ಮುಳುಗುವಷ್ಟು ನೀರಿರಲಿ. ಗಾಳಿಯನ್ನು ಒತ್ತಿದರೆ ಬಲ ಸಾಲದು. ಬಹುತೇಕರು ಮರೆಯುವುದು ವಾಶ್‌ಬೇಸಿನ್ ಪೈಪನ್ನು. ಎಷ್ಟೋ ಮನೆಗಳಲ್ಲಿ ಅದು ಇದೇ ಟ್ರ್ಯಾಪ್‌ಗೆ ಸೇರಿರುತ್ತದೆ. ಬೇಸಿನ್ನಿನ ತೂತು, ಓವರ್‌ಫ್ಲೋ ತೂತು ಎರಡಕ್ಕೂ ಒದ್ದೆ ಬಟ್ಟೆ ತುರುಕದಿದ್ದರೆ ನೀವು ಹಾಕಿದ ಒತ್ತಡವೆಲ್ಲ ಅಲ್ಲಿಂದ ಪಾರು. ಬಾತ್‌ಟಬ್ ಇದ್ದವರಿಗೂ ಇದೇ ಮಾತು, ಟಬ್ಬಿನ ಓವರ್‌ಫ್ಲೋ ಮುಚ್ಚಬೇಕು. ಹದಿನೈದಿಪ್ಪತ್ತು ಸಲ ಒತ್ತಿ ಎಳೆದು, ಕೊನೆಯದನ್ನು ಜೋರಾಗಿ ಕೀಳಿ.

ಪೊಟ್ಟಣದಲ್ಲಿ ಸಿಗುವ ಡ್ರೈನ್ ಪುಡಿಯ ಮುಖ್ಯ ಸರಕು ಕಾಸ್ಟಿಕ್ ಸೋಡಾ. ಕೂದಲು, ಜಿಡ್ಡು ಎರಡನ್ನೂ ನಿಜವಾಗಿ ಕರಗಿಸುವುದು ಇದೇ. ಆದರೂ ನೀರು ಪೂರ್ತಿ ನಿಂತ ಬಚ್ಚಲಿಗೆ ಹಾಕಬೇಡಿ: ತೆಳುವಾಗಿ ಕೆಲಸ ಮಾಡದು, ಆಮೇಲೆ ಪ್ಲಂಜರ್ ಒತ್ತಿದರೆ ಅದೇ ನೀರು ಕಣ್ಣಿಗೆ ಸಿಡಿಯುತ್ತದೆ. ತೀರಾ ಕಡಿಮೆ ನೀರಲ್ಲಿ ಸುರಿದರೆ ಟ್ರ್ಯಾಪ್ ತಳದಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ನೀರು ನಿಧಾನವಾಗಿಯಾದರೂ ಇಳಿಯುವಾಗ, ಪೊಟ್ಟಣದಲ್ಲಿ ಬರೆದಷ್ಟೇ ಹಾಕಿ, ಬರೆದಷ್ಟು ಹೊತ್ತು ಬಿಟ್ಟು, ಧಾರಾಳ ನೀರು ಸುರಿಯಿರಿ. ಕಿಟಕಿ ತೆರೆದಿರಲಿ, ಅಲ್ಯೂಮಿನಿಯಂ ಪಾತ್ರೆ ಹತ್ತಿರ ತರಬೇಡಿ. ಈ ಪುಡಿಗೆ ಆಸಿಡ್ ಬೆರೆತರೆ ಕುದಿದು ಮೇಲೆ ಸಿಡಿಯುತ್ತದೆ. ಆಸಿಡ್‌ಗೆ ಬ್ಲೀಚಿಂಗ್ ಪೌಡರ್ ತಗುಲಿದರೆ ಹೊರಡುವುದು ಕ್ಲೋರಿನ್ ವಿಷಾನಿಲ.

ಅಡುಗೆ ಸೋಡಾ, ವಿನೆಗರ್ ಹಾಕಿ ನೊರೆ ಬರಿಸುವ ವಿಡಿಯೋಗಳು ಸಾಕಷ್ಟಿವೆ. ನೊರೆ ನೋಡಲು ಚೆಂದ, ಅಷ್ಟೇ. ಕುದಿಯುವ ನೀರೂ ಬೇಡ, ಪಿವಿಸಿ ಪೈಪು ಮೆತ್ತಗಾಗಿ ಜಾಯಿಂಟ್ ಬಿಡಬಹುದು. ಗೀಸರಿನ ಬಿಸಿನೀರೇ ಸಾಕು.

ಸ್ವಂತ ಮನೆಯಾದರೆ ಹೊರಗಿನ ಚೇಂಬರ್ ಮುಚ್ಚಳ ತೆಗೆದು ನೋಡಿ. ಒಳಗೆ ನೀರು ಸುರಿದರೂ ಚೇಂಬರ್‌ಗೆ ಬರದಿದ್ದರೆ ಅಡ್ಡಿ ಮನೆಯ ಪೈಪಿನಲ್ಲಿ. ಚೇಂಬರ್ ತುಂಬಿ ನಿಂತಿದ್ದರೆ ಅದರಾಚೆ. ರಸ್ತೆಯ ಒಳಚರಂಡಿಯೇ ಕಟ್ಟಿದ್ದರೆ ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಕರೆ ಮಾಡಿ, ಅಪಾರ್ಟ್‌ಮೆಂಟ್ ಪೈಪಾದರೆ ಅಸೋಸಿಯೇಷನ್‌ಗೆ ಹೇಳಿ. ಯಾರನ್ನೂ ಮ್ಯಾನ್‌ಹೋಲ್‌ಗಾಗಲಿ ಸೆಪ್ಟಿಕ್ ಟ್ಯಾಂಕ್‌ಗಾಗಲಿ ಇಳಿಸಬೇಡಿ. ಒಳಗಿನ ಅನಿಲ ಕ್ಷಣದಲ್ಲಿ ಪ್ರಾಣ ತೆಗೆಯುತ್ತದೆ, ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯಡಿ ಇಳಿಸಿದವರ ಮೇಲೂ ಕೇಸಾಗುತ್ತದೆ.