ಶೇಂಗಾ ಇಲ್ಲದ ಒಂದು ತಾಟು

ಡಿಸೆಂಬರ್‌ನಲ್ಲಿ ಸುವರ್ಣ ವಿಧಾನಸೌಧದ ಅಧಿವೇಶನ ಶುರುವಾಯಿತು ಅಂದರೆ ಬೆಳಗಾವಿಯ ಹೋಟೆಲ್‌ಗಳಲ್ಲಿ ರೂಮು ಸಿಗುವುದು ಕಷ್ಟ. ರೂಮು ತುಂಬಿದರೆ ಅಡುಗೆಮನೆಗೂ ಕೆಲಸ ಜಾಸ್ತಿ. ಅಂಥ ಒಂದು ಸಂಜೆ ನಮ್ಮ ಶೆಫ್, "ನಾ ಮ್ಯಾಲೆ ಹಾಲ್‌ನಾಗ ಇರ್ತೀನಿ, ಕೆಳಗ ನೀ ನೋಡ್ಕೊ ತಂಗಿ" ಎಂದು ಬ್ಯಾಂಕ್ವೆಟ್ ಕಡೆ ಹೋದರು.

ನಾನು ಅಲ್ಲಿ ಸೂ ಶೆಫ್, ಅಂದರೆ ಶೆಫ್ ನಂತರದ ಸ್ಥಾನ. ಶೆಫ್ ಇಲ್ಲದಾಗ ಮಾತ್ರ ನಮಗೆ ಕೆಲಸ ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗಲ್ಲ. ಮೆನು, ಖರ್ಚು, ಮಾಲೀಕರ ಜೊತೆ ಮಾತು ಶೆಫ್‌ಗೆ ಬಿಟ್ಟಿದ್ದು. ಯಾವ ಹುಡುಗ ಇವತ್ತು ಯಾವ ಸೆಕ್ಷನ್, ಬೆಳಿಗ್ಗೆ ರುಬ್ಬಿದ ಮಸಾಲೆ ಎಷ್ಟು ಉಳಿದಿದೆ, ಫ್ರಿಜ್ 5 ಡಿಗ್ರಿ ಒಳಗಿದೆಯಾ, ಹೊಸ ಬದನೆಕಾಯಿಯನ್ನು ಹಳೆಯದರ ಹಿಂದೆ ಇಟ್ಟಿದ್ದಾರಾ, ಇದೆಲ್ಲ ನನ್ನದು. ತಂದೂರ್, ಗ್ರೇವಿ, ಚೈನೀಸ್, ರೊಟ್ಟಿ ಅಂತ ಕೆಲಸ ಹಂಚಿರುತ್ತೇವೆ. ಎಲ್ಲ ಕಡೆಯದೂ ಒಂದೇ ಹೊತ್ತಿಗೆ ಪಾಸ್‌ಗೆ ಬರಬೇಕು. ಪಾಸ್ ಅಂದರೆ ತಾಟು ಹೊರಗೆ ಹೋಗುವ ಕಟ್ಟೆ. ಅಲ್ಲಿ ನಾನು ನೋಡದೆ ಯಾವುದೂ ಹೋಗುವುದಿಲ್ಲ.

ಎಂಟೂವರೆ ಸುಮಾರಿಗೆ ಕೆಒಟಿ, ಅಂದರೆ ಆರ್ಡರ್ ಬರೆದ ಚೀಟಿಗಳು, ಬರುತ್ತಲೇ ಇದ್ದವು. ರೊಟ್ಟಿ ಊಟದ ಒಂದು ಚೀಟಿಯ ಕೊನೆಗೆ "ಶೇಂಗಾ ಬೇಡ" ಎಂದಿತ್ತು. ಟೇಬಲ್‌ಗಳಲ್ಲಿ ಆರ್ಡರ್ ತಗೊಳ್ಳುವ ಕ್ಯಾಪ್ಟನ್‌ನನ್ನು ಕರೆದೆ. "ಇಷ್ಟ ಇಲ್ಲೋ, ಆಗಿಬರೂದಿಲ್ಲೋ? ಕೇಳ್ಕೊಂಡು ಬಾ." ಓಡಿ ಹೋಗಿ ಬಂದ. "ಆಗಿಬರೂದಿಲ್ಲಂತ್ರಿ ಅಕ್ಕಾ. ಸಣ್ಣ ಹುಡುಗಿ. ಹಿಂದೊಮ್ಮೆ ದವಾಖಾನಿಗೆ ಹಾಕಿದ್ರಂತ."

ನಮ್ಮ ಕಡೆ ಅಡುಗೆ ಗೊತ್ತಲ್ವಾ? ಎಣ್ಣೆಗಾಯಿ ಮಸಾಲೆಯಲ್ಲಿ ಶೇಂಗಾ ಪುಡಿ. ಚಟ್ನಿ ಶೇಂಗಾದ್ದು. ಪಚಡಿ ಮೇಲೆ ಉದುರಿಸುವುದೂ ಅದೇ. ಒಗ್ಗರಣೆಗೆ ಶೇಂಗಾ ಎಣ್ಣೆ. ಗ್ರೇವಿ ಹುಡುಗ, "ಪುಡಿ ಬಿಟ್ಟು ಬ್ಯಾರೆ ಮಾಡ್ತೀನ್ರಿ, ಐದು ಮಿನಿಟು" ಅಂದ. ಒಳ್ಳೆ ಮನಸ್ಸಿನಿಂದಲೇ ಅಂದ. ಆದರೆ ಅದೇ ಬಾಣಲೆ, ಅದೇ ಸೌಟು, ಅದೇ ಎಣ್ಣೆ. ಅಲರ್ಜಿ ಜೋರಾಗಿದ್ದವರಿಗೆ ಚೂರು ಪುಡಿ ಸಾಕು. ಹುರಿದರೂ ಕುದಿಸಿದರೂ ಅದರ ಅಪಾಯ ಹೋಗುವುದಿಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮಗಳಲ್ಲಿ ಅಲರ್ಜಿ ತರುವ ಪದಾರ್ಥ ಅಂತ ಶೇಂಗಾದ ಹೆಸರಿದೆ.

"ಎಣ್ಣೆಗಾಯಿ ಬ್ಯಾಡ. ಆ ತಾಟು ನನಗ ಬಿಡು" ಅಂದೆ. ಪಾಸ್ ಅನ್ನು ತಂದೂರಿನ ಹಿರಿಯನಿಗೆ ಒಪ್ಪಿಸಿದೆ. ಬೇರೆ ಪಾತ್ರೆಯನ್ನು ಸೋಪು ಹಾಕಿ ತಿಕ್ಕಿಸಿದೆ. ಹೆಸರುಬೇಳೆ ಬೇಯಿಸಿ, ಹೊಸ ತುಪ್ಪದ ಡಬ್ಬಿ ಒಡೆದು ಜೀರಿಗೆ ಒಗ್ಗರಣೆ ಕೊಟ್ಟೆ. ರೊಟ್ಟಿಗೆ ಎಣ್ಣೆ ಬೇಕಿಲ್ಲ, ಆದರೆ ಬಡಿಯುವ ಕೈ, ನೀರು ಹಚ್ಚುವ ಬಟ್ಟೆ, ಹೆಂಚು ಎಲ್ಲ ಲೆಕ್ಕಕ್ಕೆ ಬರುತ್ತವೆ. ರೊಟ್ಟಿ ಮಾಡುವ ಅಕ್ಕನಿಗೆ ವಿಷಯ ಹೇಳಿದೆ. ಅವರು ಮರು ಮಾತಾಡದೆ ಮೊಣಕೈವರೆಗೆ ತೊಳೆದುಕೊಂಡರು. ಹೆಂಚು ತೊಳೆಸಿದರು, ಹೊಸ ಬಟ್ಟೆ ತಗೊಂಡರು, ಹಿಟ್ಟಿನ ಹೊಸ ಚೀಲ ಬಿಚ್ಚಿಸಿದರು.

ಅಷ್ಟರಲ್ಲಿ ಹಾಲ್‌ನಿಂದ ಶೆಫ್ ಫೋನು. ರೊಟ್ಟಿ ಯಾಕೆ ಬರ್ತಿಲ್ಲ?

"ಒಂದು ಹೆಂಚು ನಾನು ತಡೆದೀನ್ರಿ ಶೆಫ್. ಸಣ್ಣ ಹುಡುಗಿಗೆ ಶೇಂಗಾ ಅಲರ್ಜಿ ಐತಿ."

"ಹಿಡಿದ ಇಡು. ಇಲ್ಲಿ ನಾ ಸಂಭಾಳಿಸ್ತೀನಿ."

ಮೇಲೆ ನೂರಾರು ಜನ ಊಟಕ್ಕೆ ಕೂತಿದ್ದರು, ಆದರೂ ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಎರಡನೇ ಸ್ಥಾನದಲ್ಲಿ ಇರುವವರಿಗೆ ಈ ಬೆಂಬಲ ಎಷ್ಟು ದೊಡ್ಡದು ಅಂತ ಆ ಕೆಲಸ ಮಾಡಿದವರಿಗೇ ಗೊತ್ತು. ಸಂಬಳಕ್ಕಿಂತ ಜಾಸ್ತಿ ಇದೇ ನನ್ನನ್ನು ಆ ಅಡುಗೆಮನೆಯಲ್ಲಿ ಉಳಿಸಿತು.

ತಾಟನ್ನು ನಾನೇ ಟೇಬಲ್‌ಗೆ ಒಯ್ದೆ. ರೊಟ್ಟಿ, ತೊವ್ವೆ, ಅನ್ನ, ಹೊಸ ಪ್ಯಾಕೆಟ್ಟಿನ ಮೊಸರು. ಯಾವುದಕ್ಕೆ ಏನು ಹಾಕಿದ್ದೇನೆ ಅಂತ ತಾಯಿಗೆ ಹೇಳಿದೆ. ಇದೇ ಅಡುಗೆಮನೆಯಲ್ಲಿ ಉಳಿದ ಅಡುಗೆಗೆಲ್ಲ ಶೇಂಗಾ ಬಳಸುತ್ತೇವೆ ಅನ್ನುವುದನ್ನೂ ಹೇಳಿದೆ. ತಿನ್ನಿಸುವುದು ಬಿಡುವುದು ಅವರ ತೀರ್ಮಾನ ಆಗಬೇಕು. ಅವರು ಎಣ್ಣೆ ಬಗ್ಗೆ, ಹೆಂಚಿನ ಬಗ್ಗೆ ಕೇಳಿ, ಮಗಳ ಮುಂದೆ ತಾಟು ಸರಿಸಿದರು. ಹುಡುಗಿ ಇನ್ನೊಂದು ರೊಟ್ಟಿ ಕೇಳಿ ತಿಂದಳು.

ಮರುದಿನ ಬ್ರೀಫಿಂಗ್ ಮುಗಿದ ಮೇಲೆ ಗ್ರೇವಿ ಹುಡುಗನನ್ನು ಕೂರಿಸಿಕೊಂಡು ಮೆನು ಹಿಡಿದು ಯಾವುದರಲ್ಲಿ ಶೇಂಗಾ ಇದೆ ಅಂತ ಗುರುತು ಹಾಕಿದೆ. ನಮ್ಮ ರೊಟ್ಟಿ ಊಟದಲ್ಲಿ ಗುರುತು ಬೀಳದೆ ಉಳಿದದ್ದು ರೊಟ್ಟಿ, ಅನ್ನ, ಮೊಸರು ಅಷ್ಟೇ. ಶೆಫ್ ಆ ವಾರವೇ ಮೆನುವಿಗೆ ತುಪ್ಪದ ತೊವ್ವೆ ಸೇರಿಸಿದರು. ಅದಕ್ಕೆ ಬೇರೆ ಪಾತ್ರೆ, ಬೇರೆ ಸೌಟು ತರಿಸಿ ಕೊಟ್ಟರು.